ಬರದ ವರ್ಷ ಇಲ್ಲಿನ ದನಗಾರರಿಗೆ ದುಡ್ಡು ಬರುವ ಬಗೆ

ವ್ಯಾಲೆಂಟೈನ್, ನೆಬ್ರಾಸ್ಕಾ, ಅಮೆರಿಕ

ಪೂಜ್ಯ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ಬರ ಬಿದ್ದರೆ ಇಲ್ಲಿ ದನಗಾರರಿಗೆ ಸರ್ಕಾರ ಏನು ಕೊಡುತ್ತದೆ ಎಂದು ಕೇಳಿದ್ದಿರಿ. ಫೋನಿನಲ್ಲಿ ಹೇಳಿದರೆ ಲೆಕ್ಕ ತಿಳಿಯುವುದಿಲ್ಲ, ಅದಕ್ಕೇ ಈ ಪತ್ರ. ನಮ್ಮ ಕಡೆಯ ಹಾಗೆ ಗೋಶಾಲೆ, ಮೇವು ಬ್ಯಾಂಕ್ ಇಲ್ಲಿಲ್ಲ. ಮೇವಿನ ಖರ್ಚಿನಲ್ಲಿ ಒಂದು ಪಾಲನ್ನು ನಗದಾಗಿ ಕೊಡುತ್ತಾರೆ. ಯೋಜನೆಯ ಹೆಸರು ಎಲ್‌ಎಫ್‌ಪಿ, ಅಂದರೆ ಜಾನುವಾರು ಮೇವು ವಿಪತ್ತು ಯೋಜನೆ. 2014ರ ಕೃಷಿ ಕಾನೂನಿನಲ್ಲಿ ಅದು ಕಾಯಂ ಆಯಿತು. ಇಲ್ಲಿನ ಕೇಂದ್ರ ಕೃಷಿ ಇಲಾಖೆಯ ಎಫ್‌ಎಸ್‌ಎ, ಅಂದರೆ ರೈತ ಸೇವಾ ಕಚೇರಿ, ಅದನ್ನು ನಡೆಸುತ್ತದೆ.

ಹುಲ್ಲು ಎಷ್ಟು ಒಣಗಿದೆ ಎಂದು ಅಳೆಯಲು ಯಾರೂ ಬರುವುದಿಲ್ಲ. ಪ್ರತಿ ಗುರುವಾರ ಹೊರಬೀಳುವ ಬರದ ನಕ್ಷೆಯೇ ಪ್ರಮಾಣ. ಮೇಯುವ ಹಂಗಾಮಿನಲ್ಲಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಯಾವುದೇ ಭಾಗ ಡಿ2, ಅಂದರೆ ತೀವ್ರ ಬರದಲ್ಲಿ, ಸತತ ನಾಲ್ಕು ವಾರ ಇದ್ದರೆ ಒಂದು ತಿಂಗಳ ಹಣ. (2025ರ ಕಾನೂನಿಗೆ ಮೊದಲು ಎಂಟು ವಾರ ಕಾಯಬೇಕಿತ್ತು.) ಅದಕ್ಕಿಂತ ಕಠಿಣವಾದ ಡಿ3 ಒಮ್ಮೆ ಮುಟ್ಟಿದರೂ ಮೂರು ತಿಂಗಳದ್ದು. ಡಿ3 ನಾಲ್ಕು ವಾರ ಇದ್ದರೆ ಅಥವಾ ಎಲ್ಲಕ್ಕಿಂತ ಕಠಿಣವಾದ ಡಿ4 ಒಮ್ಮೆ ಬಂದರೆ ನಾಲ್ಕು ತಿಂಗಳದ್ದು. ಡಿ4 ನಾಲ್ಕು ವಾರ ಇದ್ದರೆ ಐದು.

ಈ ಚೆರ್ರಿ ಕೌಂಟಿ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಒಂದು ಮೂಲೆಗೆ ಡಿ3 ಬಿದ್ದರೆ ಮಳೆ ಕಂಡ ಇನ್ನೊಂದು ಮೂಲೆಯವರೂ ಅರ್ಹರು. ಬೇಲಿಯಾಚೆ ಬೇರೆ ಕೌಂಟಿಯಾದರೆ ಅಷ್ಟೇ ಒಣಗಿದವನಿಗೂ ಇಲ್ಲದಿರಬಹುದು. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಪಂಚನಾಮೆಗಾಗಿ ತಿಂಗಳುಗಟ್ಟಲೆ ಕಾಯುವುದಕ್ಕಿಂತ ವಾಸಿ.

ಲೆಕ್ಕ ಹೀಗೆ. ಹಸುವೊಂದಕ್ಕೆ ತಿಂಗಳ ಮೇವಿನ ದರ 50 ಡಾಲರ್ ಎಂದಿಟ್ಟುಕೊಳ್ಳಿ. 200 ಹಸುವಿಗೆ 10,000. ಅದರ ಶೇ 60, ಅಂದರೆ 6,000. ಮೂರು ತಿಂಗಳಿಗೆ 18,000. ಆದರೆ ಹುಲ್ಲುಗಾವಲು ಎಷ್ಟು ದನ ತಾಳುತ್ತದೆ ಎಂದೂ ನೋಡುತ್ತಾರೆ. ಹಸುವಿಗೆ 20 ಎಕರೆ ಬೇಕಾದ ನೆಲದಲ್ಲಿ ನಿಮ್ಮದು 2,000 ಎಕರೆ ಇದ್ದರೆ 100 ಹಸುವಿಗಷ್ಟೇ ಲೆಕ್ಕ, ಸಿಗುವುದು 9,000. ಎರಡರಲ್ಲಿ ಕಡಿಮೆಯದನ್ನೇ ಹಿಡಿಯುತ್ತಾರೆ. ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಮೇಲ್ಮಿತಿ. ಹಿಂದಿನ ಒಂದೆರಡು ವರ್ಷಗಳಲ್ಲಿ ಬರದಿಂದಾಗಿ ದನ ಮಾರಿದವರಿಗೂ ಆ ದನಗಳ ಲೆಕ್ಕದಲ್ಲಿ ಮಾಮೂಲಿ ದರದ ಶೇ 80 ಸಿಗುತ್ತದೆ. ಇದು ಬಹಳ ಒಳ್ಳೆಯ ನಿಯಮ. ಇಲ್ಲದಿದ್ದರೆ ಹಣದ ಆಸೆಗೆ ಒಣನೆಲದಲ್ಲೇ ದನ ಉಳಿಸಿಕೊಂಡು ಹುಲ್ಲಿನ ಬೇರನ್ನೇ ಕಳೆಯುತ್ತಿದ್ದರು.

ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಕಾಗದಪತ್ರದ ಕೊರತೆಯಿಂದ. ಮೇಯಿಸುವ ಎಕರೆಯ ವರದಿ, 578 ನಮೂನೆ, ಕಚೇರಿಯಲ್ಲಿ ಇರಲೇಬೇಕು. ಬರ ಶುರುವಾಗುವ ಮುಂಚಿನ 60 ದಿನಗಳಲ್ಲಿ ದನ ನಿಮ್ಮದಾಗಿತ್ತು ಎಂಬುದಕ್ಕೆ ದಾಖಲೆ ಬೇಕು. ಕೊಟ್ಟಿಗೆಯಲ್ಲಿ ಕೂಡಿ ಕೊಬ್ಬಿಸುವ ದನ ಲೆಕ್ಕಕ್ಕಿಲ್ಲ. ಗುತ್ತಿಗೆ ನೆಲಕ್ಕೆ ಹಣ ದನದ ಒಡೆಯನಿಗೇ ಬರುತ್ತದೆ, ನೆಲದ ಒಡೆಯನಿಗಲ್ಲ. ಆದರೆ ಗುತ್ತಿಗೆಯನ್ನು ದನದ ತೂಕ ಏರಿದ ಲೆಕ್ಕದಲ್ಲಿ ಕೊಡುವ ಕರಾರಿದ್ದರೆ ಅರ್ಹತೆಯೇ ಹೋಗುತ್ತದೆ. ಅನುಭವಸ್ಥರೂ ಇಲ್ಲಿ ಎಡವುತ್ತಾರೆ.

ನಮ್ಮಲ್ಲೂ 2023ರ ಬರ ಪರಿಹಾರ ಫ್ರೂಟ್ಸ್ (ರೈತರ ನೋಂದಣಿ) ದಾಖಲೆ ನೋಡಿಯೇ ಖಾತೆಗೆ ಬಂತಲ್ಲವೇ? ಕಾವಲಿನ ಪಕ್ಕದ ಹೊಲದ ಸರ್ವೆ ನಂಬರ್ ಅದರಲ್ಲಿ ಸೇರಿದೆಯೇ, ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ತೆಗೆಸಿ ನೋಡಿ. ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ