ದಿಲ್ಲಿಗೆ ಆ ಅರ್ಜಿ ಹಾಕಬೇಡ

ಆಮ್ಸ್ಟೆಲ್‌ವೇನ್, ನೆದರ್ಲೆಂಡ್ಸ್
ಭಾನುವಾರ

ತಮ್ಮಾ,

ಇಲ್ಲಿ ಎಲ್ಲರೂ ಕ್ಷೇಮ. ಅವ್ವ, ಅಪ್ಪ, ಸೋದರತ್ತೆ ಎಲ್ಲರಿಗೂ ನಮಸ್ಕಾರ ಹೇಳು.

ನೀನು ಫೋಟೊ ತೆಗೆದು ಕಳಿಸಿದ ಅರ್ಜಿಯ ಕರಡನ್ನು ಎರಡು ಸಲ ಓದಿದೆ. "ಹಾಕಿ ಇಂಡಿಯಾ, ನವದೆಹಲಿ ಇವರಿಗೆ: ನಮ್ಮ ಪ್ರೌಢಶಾಲೆಗೆ ಒಂದು ಟರ್ಫ್ ಮೈದಾನ, ಒಬ್ಬ ಕೋಚ್, ಇಪ್ಪತ್ತು ಸ್ಟಿಕ್ ಮಂಜೂರು ಮಾಡಲು ವಿನಂತಿ." ಒಕ್ಕಣೆ ಚೆಂದ ಇದೆ, ವಿಳಾಸ ತಪ್ಪಿದೆ. ಅಂಚೆಗೆ ಹಾಕಬೇಡ. "ದೊಡ್ಡವರಿಗೇ ನೇರ ಬರೆದ್ರ ಕೆಲಸ ಲಗೂ ಆಗ್ತೈತಿ" ಅಂತೀಯ. ಪಹಣಿಯಲ್ಲಿ ಹೆಸರು ತಿದ್ದಿಸಲು ಮುಖ್ಯಮಂತ್ರಿಗೆ ಬರೆದರೆ ಆ ಕಾಗದ ಸುತ್ತಿ ಸುತ್ತಿ ಕೊನೆಗೆ ಊರಿನ ಗ್ರಾಮ ಆಡಳಿತಾಧಿಕಾರಿಯ ಮೇಜಿಗೇ ಬರುತ್ತದಲ್ಲ, ಇದೂ ಅಷ್ಟೆ.

ದೇಶದ ಹಾಕಿ ಆಟ ನಡೆಸುವ ಸಂಸ್ಥೆಯಾದ ಹಾಕಿ ಇಂಡಿಯಾದ ಕೈಯಲ್ಲಿರುವ ದೊಡ್ಡ ಆಸ್ತಿ ಮೈದಾನವೂ ಅಲ್ಲ, ರೊಕ್ಕವೂ ಅಲ್ಲ, ಮಾನ್ಯತೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ ಈಗ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಎಫ್‌ಐಎಚ್ ಎಂಬ ಅಂತಾರಾಷ್ಟ್ರೀಯ ಒಕ್ಕೂಟ ಒಂದು ದೇಶಕ್ಕೆ ಒಂದೇ ಸಂಸ್ಥೆಯನ್ನು ಒಪ್ಪುತ್ತದೆ. ಆ ಒಪ್ಪಿಗೆ ಇದ್ದವರು ಮಾತ್ರ ಒಲಿಂಪಿಕ್ಸ್‌ಗೆ, ವಿಶ್ವಕಪ್‌ಗೆ ದೇಶದ ತಂಡ ಕಳಿಸಬಹುದು. ಉಳಿದ ಕೆಲಸವೆಲ್ಲ ಇದರಿಂದಲೇ ಹುಟ್ಟುವುದು: ಆಯ್ಕೆ ಸಮಿತಿ ನೇಮಿಸುವುದು, ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಶಿಬಿರ ನಡೆಸುವುದು, ಸಬ್ ಜೂನಿಯರ್, ಜೂನಿಯರ್, ಸೀನಿಯರ್ ರಾಷ್ಟ್ರೀಯ ಪಂದ್ಯಾವಳಿಗಳ ಕ್ಯಾಲೆಂಡರ್ ಮಾಡುವುದು, ಆಟಗಾರರನ್ನು ನೋಂದಾಯಿಸುವುದು, ಅಂಪೈರುಗಳನ್ನೂ ಟೆಕ್ನಿಕಲ್ ಅಧಿಕಾರಿಗಳನ್ನೂ ತಯಾರು ಮಾಡಿ ದರ್ಜೆ ಕೊಡುವುದು, ವಿದೇಶಿ ಲೀಗಿಗೆ ಹೋಗುವವರಿಗೆ ನಿರಾಕ್ಷೇಪಣಾ ಪತ್ರ ಕೊಡುವುದು, ತಪ್ಪು ಮಾಡಿದವರನ್ನು ವಿಚಾರಿಸುವುದು. ಆಟದ ನಿಯಮ ಬರೆಯುವುದು ಮಾತ್ರ ಅವರಲ್ಲ, ಎಫ್‌ಐಎಚ್.

ಟರ್ಫ್, ಅಂದರೆ ಕೃತಕ ಹುಲ್ಲಿನ ಹಾಸು, ಬೇಕೆಂದರೆ ದಾರಿ ಸರ್ಕಾರದ್ದು. ಖೇಲೋ ಇಂಡಿಯಾ ಯೋಜನೆಯಲ್ಲಿ ಹಾಕಿ ಟರ್ಫ್‌ಗೆ ಅನುದಾನ ಉಂಟು, ಆದರೆ ಪ್ರಸ್ತಾವ ಹೋಗಬೇಕಾದದ್ದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಮೂಲಕ. ನೀನು ಮೊದಲು ನೋಡಬೇಕಾದವರು ಕೊಪ್ಪಳ ಜಿಲ್ಲಾ ಕ್ರೀಡಾಂಗಣದಲ್ಲಿ ಕೂರುವ ಇಲಾಖೆಯ ಅಧಿಕಾರಿ. ಸ್ಟಿಕ್, ಚೆಂಡು ಯಾವಾಗಲಾದರೂ ಮೇಲಿನಿಂದ ಬಂದರೂ ರಾಜ್ಯ ಘಟಕದಿಂದ ಜಿಲ್ಲೆಗೆ ಇಳಿಯುತ್ತವೆ, ಬಿಡಿ ಶಾಲೆಯ ಹೆಸರಿಗೆ ಬರುವುದಿಲ್ಲ.

ಇಲ್ಲಿನ ಪದ್ಧತಿ ನೋಡಿದರೆ ನಮ್ಮಲ್ಲಿ ತಂತಿ ಎಲ್ಲಿ ಕಡಿದಿದೆ ಅಂತ ತಿಳಿಯುತ್ತದೆ. ಡಚ್ಚರ ಹಾಕಿ ಸಂಸ್ಥೆ ಕೆಎನ್‌ಎಚ್‌ಬಿ 1898ರದು. ಎರಡೂವರೆ ಲಕ್ಷದಷ್ಟು ಸದಸ್ಯರಿದ್ದಾರೆ. ಪ್ರತಿ ಆಟಗಾರ ಕ್ಲಬ್ಬಿಗೆ ವರ್ಷದ ವಂತಿಗೆ ಕಟ್ಟುತ್ತಾನೆ, ಅದರಲ್ಲಿ ಒಂದು ಪಾಲು ಮೇಲಿನ ಸಂಸ್ಥೆಗೆ ಹೋಗುತ್ತದೆ, ಅಲ್ಲಿ ಮತ ಹಾಕುವವರೂ ಕ್ಲಬ್ಬಿನವರೇ. ಶನಿವಾರ ಮಕ್ಕಳ ಪಂದ್ಯ ಮುಗಿದ ಕೂಡಲೇ ಸ್ಕೋರು, ಆಡಿದವರ ಹೆಸರು, ಅಂಪೈರ್ ತೋರಿಸಿದ ಕಾರ್ಡು ಎಲ್ಲವೂ ಮೊಬೈಲಿನ ಪಂದ್ಯ ಪಟ್ಟಿಗೆ ಹೋಗುತ್ತವೆ. ಪುಟ್ಟ ಮಕ್ಕಳಿಗೆ ಆರು ಮಂದಿ, ಎಂಟು ಮಂದಿಯ ಆಟ. ಹನ್ನೊಂದು ಮಂದಿಯದು ಸ್ವಲ್ಪ ದೊಡ್ಡವರಾದ ಮೇಲೆ. ಹದಿಹರೆಯಕ್ಕೆ ಬಂದವರು ನಿಯಮದ ಪರೀಕ್ಷೆ ಪಾಸಾಗಿ ಬೇರೆ ಪಂದ್ಯಕ್ಕೆ ಸೀಟಿ ಹಿಡಿಯಬೇಕು. ಹೀಗಾಗಿ ಅಂಪೈರ್ ಇಲ್ಲ ಅನ್ನುವ ಗೋಳು ಕಡಿಮೆ. ಇದೊಂದನ್ನು ನೀನು ನಾಳೆಯೇ ನಿನ್ನ ಶಾಲೆಯಲ್ಲಿ ಶುರು ಮಾಡಬಹುದು, ಖರ್ಚು ಎರಡು ಸೀಟಿ.

ನಮ್ಮಲ್ಲಿ ರೊಕ್ಕ ಮೇಲಿನಿಂದ ಕೆಳಗೆ ಹರಿಯುತ್ತದೆ. ಕೇಂದ್ರ ಕ್ರೀಡಾ ಸಚಿವಾಲಯ ವರ್ಷದ ತರಬೇತಿ ಮತ್ತು ಸ್ಪರ್ಧಾ ಕ್ಯಾಲೆಂಡರ್‌ಗೆ ಹಣ ಕೊಡುತ್ತದೆ, ಒಡಿಶಾ ಸರ್ಕಾರ 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕ. ಮತ ಇರುವುದು ರಾಜ್ಯ ಘಟಕಗಳ ಕೈಯಲ್ಲಿ. ತುಂಗಭದ್ರಾ ಕಾಲುವೆಯ ಕೊನೆಯ ಹೊಲದವನ ಪಾಡು ನಿನಗೆ ಗೊತ್ತಲ್ಲ? ಮೇಲಿನವರು ಗೇಟು ಎತ್ತಿದರೂ ನೀರು ಸಿಂಧನೂರು ದಾಟಿ ರಾಯಚೂರು ಕಡೆಗೆ ಮುಟ್ಟುವಷ್ಟರಲ್ಲಿ ಸಣ್ಣದಾಗಿರುತ್ತದೆ. ಕೊಪ್ಪಳದ ಹಾಕಿಯೂ ಆ ಕೊನೆಯ ಹೊಲವೇ. ಭಾರತಕ್ಕೆ ಆಡಿದ ಕರ್ನಾಟಕದವರಲ್ಲಿ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಎಸ್.ವಿ. ಸುನಿಲ್, ಯಾರ ಹೆಸರು ತೆಗೆದರೂ ಕೊಡಗಿನ ಬೇರು. ಅಲ್ಲಿ 1997ರಿಂದ ಮನೆತನಗಳೇ ತಂಡ ಕಟ್ಟಿ ಆಡುತ್ತವೆ, ಸಂಸ್ಥೆಗೆ ಕಾಯುವುದಿಲ್ಲ.

ಸಂಸ್ಥೆಯ ಜಗಳದ ಕಥೆ ಸ್ವಲ್ಪ ಗೊತ್ತಿರಲಿ, ಯಾವುದಾದರೂ ಸಂಸ್ಥೆಗೆ ಫೀ ಕಟ್ಟುವ ಮುಂಚೆ ಬೇಕಾಗುತ್ತದೆ. ಮೊದಲು ಇದ್ದದ್ದು 1925ರ ಇಂಡಿಯನ್ ಹಾಕಿ ಫೆಡರೇಶನ್. ಧ್ಯಾನ್‌ಚಂದ್ ಇದ್ದ ತಂಡ 1928ರಲ್ಲಿ ಇಲ್ಲೇ ಪಕ್ಕದ ಆಮ್ಸ್ಟರ್‌ಡ್ಯಾಮ್‌ಗೆ ಬಂದು ಒಲಿಂಪಿಕ್ಸ್ ಫೈನಲ್‌ನಲ್ಲಿ ಡಚ್ಚರನ್ನು 3-0ಯಿಂದ ಸೋಲಿಸಿದ್ದು ಆ ಸಂಸ್ಥೆಯ ಕಾಲದಲ್ಲಿ. 2008ರಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಅರ್ಹತಾ ಫೈನಲ್ ಸೋತು ಪುರುಷರ ತಂಡ ಮೊದಲ ಬಾರಿಗೆ ಒಲಿಂಪಿಕ್ಸ್ ತಪ್ಪಿಸಿಕೊಂಡಿತು. ಅದೇ ಹೊತ್ತಿಗೆ ಆಯ್ಕೆಗೆ ಲಂಚದ ಆರೋಪದ ಕುಟುಕು ಕಾರ್ಯಾಚರಣೆಯೂ ಬಂತು. ಭಾರತೀಯ ಒಲಿಂಪಿಕ್ ಸಂಸ್ಥೆ ಆ ಫೆಡರೇಶನ್ನನ್ನು ಅಮಾನತು ಮಾಡಿತು, 2009ರಲ್ಲಿ ಹಾಕಿ ಇಂಡಿಯಾ ಹುಟ್ಟಿತು. ಹಳೆಯವರು ಸುಮ್ಮನಿರಲಿಲ್ಲ. 2012ರಲ್ಲಿ ಅವರ ಬೆಂಬಲದಿಂದ ವರ್ಲ್ಡ್ ಸೀರೀಸ್ ಹಾಕಿ ಎಂಬ ಲೀಗ್ ನಡೆಯಿತು. ಅದಕ್ಕೆ ಹಾಕಿ ಇಂಡಿಯಾದ ಮಂಜೂರಾತಿ ಇರಲಿಲ್ಲ. ಅದರಲ್ಲಿ ಆಡಲು ಹೋದ ಎಷ್ಟೋ ಒಳ್ಳೆಯ ಆಟಗಾರರು ದೇಶದ ತಂಡದಿಂದ ದೂರ ಉಳಿಯಬೇಕಾಯಿತು. ಹೊಸ ಸಂಸ್ಥೆಯೂ ಪೂರಾ ಶುದ್ಧವೇನಲ್ಲ: ಆಜೀವ ಅಧ್ಯಕ್ಷ, ಆಜೀವ ಸದಸ್ಯ ಎಂಬ ಪದವಿಗಳು ಕ್ರೀಡಾ ಸಂಹಿತೆಗೆ ವಿರುದ್ಧ ಎಂದು 2022ರಲ್ಲಿ ದೆಹಲಿ ಹೈಕೋರ್ಟ್ ಆಡಳಿತಗಾರರ ಸಮಿತಿ ಕೂರಿಸಿತು. ಚುನಾವಣೆಯ ನಂತರ ಭಾರತ ತಂಡದ ಮಾಜಿ ನಾಯಕ ದಿಲೀಪ್ ಟಿರ್ಕಿ ಅಧ್ಯಕ್ಷರಾದರು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಕಾರ್ಯಕಾರಿ ಸಮಿತಿಯಲ್ಲಿ ಆಟಗಾರರಿಗೂ ಹೆಣ್ಣುಮಕ್ಕಳಿಗೂ ಜಾಗ ಕಡ್ಡಾಯ ಮಾಡಿದೆ, ಜಗಳಕ್ಕೆ ಬೇರೆ ನ್ಯಾಯಮಂಡಳಿಯನ್ನೂ ಹೇಳಿದೆ. ಕಾಗದದ ಮೇಲೆ ಒಳ್ಳೆಯದೇ.

ನಿನಗೆ ಇದರಿಂದ ಆಗಬೇಕಾದದ್ದು ಇಷ್ಟು. "ಜಿಲ್ಲಾ ಹಾಕಿ ಸಂಸ್ಥೆ" ಅಂತ ಲೆಟರ್‌ಹೆಡ್ ಹಿಡಿದು ಯಾರಾದರೂ ಬಂದರೆ, ಹಾಕಿ ಇಂಡಿಯಾದ ರಾಜ್ಯ ಘಟಕವಾದ ಹಾಕಿ ಕರ್ನಾಟಕ ಕೊಟ್ಟ ಸಂಯೋಜನೆಯ (ಅಫಿಲಿಯೇಶನ್) ಪತ್ರ ತೋರಿಸಿ ಅನ್ನು. ಆ ಪತ್ರದ ವರ್ಷ ನೋಡು, ನವೀಕರಣ ಆಗಿದೆಯೋ ಕೇಳು. "ಅಖಿಲ ಭಾರತ" ಅಂತ ಬ್ಯಾನರ್ ಕಟ್ಟಿದ ಮಂಜೂರಾತಿ ಇಲ್ಲದ ಕೂಟದಲ್ಲಿ ಆಡಿ ತಂದ ಪ್ರಮಾಣಪತ್ರ ಮುಂದೆ ಕ್ರೀಡಾ ಕೋಟಾದ ಕೌಂಟರಿನಲ್ಲಿ ನಡೆಯುವುದಿಲ್ಲ, ಮಗುವಿನ ಒಂದು ವರ್ಷ ಹೋಗುತ್ತದೆ.

ಏಣಿ ಎರಡಿವೆ, ಎರಡನ್ನೂ ಒಂದೇ ಅಂತ ತಿಳಿಯಬೇಡ. ಒಂದು ಶಾಲಾ ಇಲಾಖೆಯದು: ತಾಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ, ಆಮೇಲೆ ಸ್ಕೂಲ್ ಗೇಮ್ಸ್ ಫೆಡರೇಶನ್ನಿನ ರಾಷ್ಟ್ರಮಟ್ಟ, 14, 17, 19 ವರ್ಷದೊಳಗಿನ ವಿಭಾಗಗಳು. ಇನ್ನೊಂದು ಹಾಕಿ ಕರ್ನಾಟಕದ ಮೂಲಕ ಹಾಕಿ ಇಂಡಿಯಾಗೆ: ಅಲ್ಲಿ ಸಬ್ ಜೂನಿಯರ್ 16ರೊಳಗೆ, ಜೂನಿಯರ್ 19ರೊಳಗೆ. ಭಾರತ ತಂಡದ ಶಿಬಿರಕ್ಕೆ ಆಟಗಾರರನ್ನು ಹುಡುಕುವುದು ಹೆಚ್ಚಾಗಿ ಎರಡನೆಯದರಲ್ಲಿ. ನಮ್ಮ ಕಡೆ ಹಾಕಿ ಆಡುವ ಶಾಲೆ ಕಡಿಮೆ, ಹಾಗಾಗಿ ಮೊದಲನೆಯ ಏಣಿಯಲ್ಲಿ ಜಿಲ್ಲೆ ದಾಟುವುದು ಸುಲಭ. ಅದನ್ನು ಬಳಸಿಕೊ.

ಈಗ ಮುಖ್ಯ ಮಾತು. ಮಕ್ಕಳು ಆಟದಲ್ಲಿ ಸೋಲುವುದಕ್ಕಿಂತ ಮೊದಲು ಕಾಗದದಲ್ಲಿ ಸೋಲುತ್ತಾರೆ. ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ! ಒಂದನೇ ಕ್ಲಾಸಿಗೆ ಸೇರಿಸುವಾಗ ಮಾಸ್ತರು ಬರೆದುಕೊಂಡ ದಿನಾಂಕ ಅದು. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ದಾಖಲಾತಿ ರಿಜಿಸ್ಟರಿನಲ್ಲಿ ಮತ್ತೊಂದು. ಹೆಸರಿನ ಇನಿಷಿಯಲ್ಲೂ ಹಾಗೆಯೇ: ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ. ಆಟಗಾರರ ನೋಂದಣಿ ಮಾಡುವಾಗ ಇದು ಅಲ್ಲೇ ಸಿಕ್ಕಿಬೀಳುತ್ತದೆ. ಅನುಮಾನ ಬಂದರೆ ಟಿಡಬ್ಲ್ಯು3 ಪರೀಕ್ಷೆಗೆ ಕಳಿಸಬಹುದು: ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ಎಷ್ಟು ಬೆಳೆದಿದೆ ಅಂತ ಅಂಕ ಹಾಕಿ ವಯಸ್ಸು ಅಂದಾಜು ಮಾಡುತ್ತಾರೆ. ಆದ್ದರಿಂದ ಸ್ಟಿಕ್ ಕೊಳ್ಳುವ ಮುಂಚೆ ಪ್ರತಿ ಮಗುವಿಗೆ ಒಂದು ಫೈಲ್ ಮಾಡು. ಜನನವಾಗಿ ಒಂದು ವರ್ಷ ದಾಟಿದರೆ ಜನನ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಯಾರಿಗೆ ಪ್ರಮಾಣಪತ್ರವೇ ಇಲ್ಲವೋ ಅವರದನ್ನು ಈ ಬೇಸಿಗೆ ರಜೆಯಲ್ಲೇ ಹಚ್ಚು. ವಯಸ್ಸು ಇಳಿಸಿ ಬರೆಸು ಅಂತ ಯಾವ ತಂದೆ ಬಂದರೂ ಒಪ್ಪಬೇಡ.

ಮೈದಾನದ ಲೆಕ್ಕ. ಆಟದ ಅಂಗಳ 91.40 ಮೀಟರ್ ಉದ್ದ, 55 ಮೀಟರ್ ಅಗಲ, ನಮ್ಮ ಲೆಕ್ಕದಲ್ಲಿ ಒಂದು ಎಕರೆ ಹತ್ತು ಗುಂಟೆ. ಸುತ್ತ ಓಡಿ ನಿಲ್ಲುವ ಜಾಗ ಸೇರಿಸಿ ದೊಡ್ಡ ಪಂದ್ಯದ ಅಳತೆ 101.40 ಮತ್ತು 63 ಮೀಟರ್, ಅಂದರೆ ಒಂದು ಎಕರೆ ಇಪ್ಪತ್ಮೂರು ಗುಂಟೆ. ಉದ್ದ ಉತ್ತರ-ದಕ್ಷಿಣಕ್ಕಿರಲಿ, ಇಲ್ಲವಾದರೆ ಸಂಜೆ ಒಬ್ಬ ಗೋಲಿಯ (ಗೋಲ್‌ಕೀಪರ್) ಕಣ್ಣಿಗೆ ಬಿಸಿಲು ನೇರ ಹೊಡೆಯುತ್ತದೆ. ಶಾಲೆಯ ಹಿಂದಿನ ಜಾಗ ಎರೆ ಮಣ್ಣಾದರೆ ಹಾಗೇ ಆಡಿಸಬೇಡ, ಬೇಸಿಗೆಯಲ್ಲಿ ಬಿರುಕು, ಮಳೆಗೆ ಕೆಸರು. ಮೇಲೆ ನಾಲ್ಕು ಇಂಚು ಗರಸು ಹಾಕಿಸಿ, ಕಲ್ಲು ಆರಿಸಿ, ನೀರು ಹೊಡೆದು ರೋಲರ್ ಓಡಿಸು. ಮಕ್ಕಳಾಡುವ ಗೋಲಿಗುಂಡಿಗಿಂತ ದೊಡ್ಡ ಹರಳು ಒಂದು ಉಳಿದರೂ ಚೆಂಡು ಪುಟಿದು ಮೊಣಕಾಲಿಗೋ ಮುಖಕ್ಕೋ ಬಡಿಯುತ್ತದೆ.

ಡಿ ಗೆರೆ, ಅಂದರೆ ಗೋಲಿನ ಮುಂದಿನ ಬಾಗಿದ ಗೆರೆ, ಎಳೆಯುವಾಗ ತುಂಬಾ ಶಾಲೆಗಳಲ್ಲಿ ತಪ್ಪಾಗುತ್ತದೆ: ಗೋಲಿನ ನಡುವೆ ಗೂಟ ಹೊಡೆದು ಒಂದೇ ಅರ್ಧ ಚಕ್ರ ಎಳೆದುಬಿಡುತ್ತಾರೆ. ಗೂಟ ಎರಡು ಬೇಕು, ಒಂದೊಂದು ಕಂಬದ ಮುಂಭಾಗದ ಒಳಮೂಲೆಯಲ್ಲಿ. ಹಗ್ಗ 14.63 ಮೀಟರ್. ಆ ಕಡೆ ಕಾಲು ಚಕ್ರ, ಈ ಕಡೆ ಕಾಲು ಚಕ್ರ, ಎರಡರ ನಡುವೆ 3.66 ಮೀಟರ್ ನೇರ ಗೆರೆ, ಗೋಲಿನ ಅಗಲವೂ ಅಷ್ಟೇ. ಸೆಣಬಿನ ಹಗ್ಗ ಜಗ್ಗಿ ಉದ್ದವಾಗುತ್ತದೆ, ತಂತಿ ಬಳಸು. ಗೋಲಿನ ಎತ್ತರ 2.14 ಮೀಟರ್, ಒಳಗಿನ ಹಲಗೆ 46 ಸೆಂಟಿಮೀಟರ್. ಪೆನಾಲ್ಟಿ ಕಾರ್ನರ್‌ನಲ್ಲಿ (ತಪ್ಪಿಗೆ ಎದುರಾಳಿಗೆ ಸಿಗುವ ಅವಕಾಶ) ಗೋಲಿಗೆ ಮೊದಲ ಹೊಡೆತ ಹಿಟ್, ಅಂದರೆ ಸ್ಟಿಕ್ ಬೀಸಿ ಹೊಡೆದದ್ದು, ಆದರೆ ಗೋಲಿನ ಗೆರೆ ದಾಟುವಾಗ ಚೆಂಡು ಆ ಹಲಗೆಗಿಂತ ಮೇಲಿರಬಾರದು. ಹಲಗೆ ಇಲ್ಲದ ಗೋಲಿನಲ್ಲಿ ಕಲಿತ ಮಕ್ಕಳಿಗೆ ಆ ಅಂದಾಜೇ ಬರುವುದಿಲ್ಲ.

ಸಾಮಾನಿಗೆ ರೊಕ್ಕ ಕೂಡಿಸಿದರೆ ಮೊದಲು ಗೋಲಿಯ ಕಿಟ್ ಕೊಳ್ಳು: ಹೆಲ್ಮೆಟ್, ಎದೆಗಾಪು, ಕಾಲಿನ ಪ್ಯಾಡು, ಪಾದಕ್ಕೆ ಕಿಕರ್, ಎರಡೂ ಕೈಗೆ ಗ್ಲೌಸ್. ಅರ್ಧ ಕಿಟ್ ಹಾಕಿದವನನ್ನು ಗೋಲಿ ಅಂತ ನಿಲ್ಲಿಸಲು ಈಗಿನ ನಿಯಮ ಬಿಡುವುದಿಲ್ಲ. ಆಮೇಲೆ 16 ಜೊತೆ ಶಿನ್‌ಗಾರ್ಡ್, ಹಲ್ಲಿನ ಗಾರ್ಡ್, ಕೊನೆಗೆ ಸ್ಟಿಕ್. ಜಲಂಧರಿನ ಹಿಪ್ಪುನೇರಳೆ ಮರದ ಸ್ಟಿಕ್ ಕಲಿಯುವವರಿಗೆ ಸಾಕು. ಎಡಗೈಯವರಿಗೆ ಬೇರೆ ಸ್ಟಿಕ್ ಅನ್ನುವುದೇ ಇಲ್ಲ, ಯಾರಾದರೂ ಮಾರಲು ಬಂದರೆ ನಕ್ಕು ಕಳಿಸು. ಚೆಂಡು 156ರಿಂದ 163 ಗ್ರಾಂ ಇರಬೇಕು, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಯೇ ತೆಗೆದುಕೊ.

ಟರ್ಫ್ ಪ್ರಸ್ತಾವ ಬರೆಯುವ ದಿನ ಬಂದರೆ ನೀರು ಹೊಡೆಯುವ ಟರ್ಫ್ ಕೇಳಬೇಡ. ಪಂದ್ಯಕ್ಕೆ ಮುಂಚೆ ಒಂದು ಸಲ ತೋಯಿಸಲು ಹತ್ತು ಸಾವಿರ ಲೀಟರಿಗೂ ಮೇಲೆ ಬೇಕು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಓಣಿಯವರು ನಿನ್ನನ್ನು ಬಿಡುತ್ತಾರೆಯೇ? ಮರಳು ತುಂಬಿದ್ದು ಕೇಳು. ಎಂಟು-ಹತ್ತು ವರ್ಷಕ್ಕೆ ಅದನ್ನು ಬದಲಿಸುವ ಖರ್ಚು ಯಾರದು ಅಂತಲೂ ಪ್ರಸ್ತಾವದಲ್ಲೇ ಬರೆಸು.

ಶಾಲೆಯ ಹಿಂದಿನ ಜಾಗವನ್ನು ಟೇಪು ಹಿಡಿದು ಅಳೆದು ನಾಲ್ಕೂ ಬದಿಯ ಲೆಕ್ಕ ಕಳಿಸು. ಹೈಟೆನ್ಷನ್ ತಂತಿ ಮೇಲೆ ಹಾದಿದ್ದರೆ ಅದನ್ನೂ ಬರೆ. ಅವ್ವಗೆ ಶೇಂಗಾ ಚಟ್ನಿಪುಡಿ ಮುಗಿಯುತ್ತಾ ಬಂತು ಅಂತ ಹೇಳು, ಬರುವವರು ಯಾರಾದರೂ ಇದ್ದರೆ ಒಂದು ಕಿಲೋ ಕೊಟ್ಟು ಕಳಿಸಲಿ.

ನಿನ್ನ ಅಕ್ಕ