ಗೆಳೆಯನಿಗೊಂದು ಪತ್ರ: ಮರ ಉದುರಿಸಿದ್ದನ್ನು ಮಗಳ ಕೈಗೆ ಕೊಡು

ತಿಪಟೂರು
27 ಮಾರ್ಚ್ 2026

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಸೋತಂತಿತ್ತು. 850 ರೂಪಾಯಿ ಕೊಟ್ಟು ಪುಟ್ಟಿಗೆ ಕ್ರಾಫ್ಟ್ ಡಬ್ಬಿ ತಂದೆ, ಅರ್ಧ ಗಂಟೆಗೆ ಮುಗಿಸಿ ಮತ್ತೆ ಮೊಬೈಲ್ ಕೇಳಿದಳು ಅಂದೆ. ಏಪ್ರಿಲ್ 10 ಆದರೆ ರಜೆ ಬೇರೆ ಶುರು. ಅಷ್ಟು ದಿನ ಈ ಮಗುವಿನ ಕೈಗೆ ಏನು ಕೊಡಲಿ ಅಂತ ಕೇಳಿದೆ. ನಾನು ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿದ್ದೆ, ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ನಮ್ಮ ಹಾಗೇ ಯೋಚನೆ ಮಾಡುವ ಅಪ್ಪ ಅಮ್ಮಂದಿರು ಇನ್ನೂ ಇದ್ದಾರೆ ಅಂತ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಆ ಡಬ್ಬಿಯಲ್ಲಿ ಎಲ್ಲವೂ ಮೊದಲೇ ಕತ್ತರಿಸಿಟ್ಟಿತ್ತು ಅಂದೆಯಲ್ಲ. ಹಿಂದಿನ ಕಾಗದ ಕಿತ್ತು ಅಂಟಿಸೋದಷ್ಟೇ ಪುಟ್ಟಿಯ ಕೆಲಸ. ಆರು ವರ್ಷದ ಕೈಗೆ ಅದು ಎಲ್ಲಿ ಸಾಕಾಗುತ್ತೆ ಹೇಳು. ಆ ಕೈಗೆ ಸೀಳೋದು, ಮಡಚೋದು, ಅರೆಯೋದು, ಗಂಟು ಹಾಕೋದು ಬೇಕು. ಒಂದೆರಡು ಹಾಳಾಗಬೇಕು. ಹಾಳಾದರೆ ಬೈಯುವವರು ಇರಬಾರದು.

ಈಗ ಕಾಲ ಯಾವುದು ನೋಡು. ಯುಗಾದಿ ಆಗಿ ಎಂಟು ದಿನ. ಹೊಂಗೆ ಹಳೇ ಎಲೆ ಉದುರಿಸಿ ಹೊಸದು ಬಿಟ್ಟಿದೆ, ಬಿಸಿಲಿಗೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಅರಳಿಮರದ ಚಿಗುರು ತಾಮ್ರದ ಬಣ್ಣ. ಬೂರುಗದ ಕೆಂಪು ಹೂ ದಪ್ ಅಂತ ಬೀಳುತ್ತಿದೆ. ನಿನ್ನ ಬೆಂಗಳೂರೂ ಕಡಿಮೆಯೇನಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕೃಂಬಿಗಲ್, ಒಂದು ಜಾತಿಯ ಮರದ ಹೂ ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಊರಿನ ರಸ್ತೆಗಳಿಗೆ ಮರ ಆರಿಸಿದರು. ಅದರ ಫಲ ಇವತ್ತಿಗೂ ನಿನ್ನ ಬೀದಿಯಲ್ಲಿ ಬಿದ್ದಿರುತ್ತದೆ. ಬೆಳಿಗ್ಗೆ ಪೌರಕಾರ್ಮಿಕರು ಗುಡಿಸುವ ಮುಂಚೆ ಪುಟ್ಟಿಗೆ ಒಂದು ಬಟ್ಟೆ ಚೀಲ ಕೊಟ್ಟು ಕೆಳಗೆ ಕರ್ಕೊಂಡು ಹೋಗು. ಬೀದಿಯ ಮರದಿಂದ ಕೀಳುವುದು ಬೇಡ, ಬಿದ್ದಿದ್ದು ಮಾತ್ರ ಆರಿಸಲಿ. ನಮ್ಮ ಮನೆಯಲ್ಲಿ ಇದೊಂದೇ ಕಟ್ಟುನಿಟ್ಟು.

ಮೊದಲು ಅರಿಸಿನದ ಚಿತ್ರ ಮಾಡಿಸು. ಇದಕ್ಕೆ ಹೊರಗೆ ಹೋಗುವುದೂ ಬೇಡ, ಅಡುಗೆಮನೆ ಸಾಕು. ನಮ್ಮ ಅಮ್ಮ ಹಬ್ಬದ ದಿನ ಆರತಿ ತಟ್ಟೆಗೆ ಓಕುಳಿ ಮಾಡುತ್ತಿದ್ದರು ನೆನಪಿದೆಯಾ? ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ರಕ್ತದ ಹಾಗೆ ಕೆಂಪಾಗುತ್ತಿತ್ತು. ಈ ಯುಗಾದಿಗೆ ಅಮ್ಮ ಅದನ್ನು ಮಾಡುವಾಗ ನನ್ನ ಮಗ ಪಕ್ಕದಲ್ಲಿ ನಿಂತಿದ್ದ. ಏಳು ವರ್ಷಕ್ಕೆ ಮೊದಲ ಸಲ ಗಮನ ಕೊಟ್ಟು ನೋಡಿದ. "ಅಜ್ಜಿ, ಇನ್ನೊಂದ್ ಸಲ" ಅಂತ ನಾಲ್ಕು ಸಲ ಮಾಡಿಸಿದ. ಅವತ್ತು ಮಧ್ಯಾಹ್ನವೇ ನಾವು ಅದನ್ನು ಕಾಗದದ ಮೇಲೆ ತಂದೆವು.

ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ತಗೋ. ಅರ್ಧ ಲೋಟ ನೀರಿಗೆ ಒಂದು ಚಮಚ ಅರಿಸಿನ ಕಲಸಿ, ಹತ್ತಿಯಿಂದ ಹಾಳೆಗೆಲ್ಲ ಬಳಿಯಲಿ. ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಅರಿಸಿನದ ಬಣ್ಣ ಹಾರಿಹೋಗುತ್ತದೆ. ಆಮೇಲೆ ಬಟ್ಟೆ ಸೋಪನ್ನು ನೀರಲ್ಲಿ ಕದಡಿ, ಕಿವಿ ಕಡ್ಡಿ ಅದ್ದಿ ಚಿತ್ರ ಬರೆಯಲಿ. ಗೆರೆ ಎಳೆದ ಕಡೆಯೆಲ್ಲ ಕೆಂಪು ಏಳುತ್ತದೆ. ಅಡುಗೆ ಸೋಡಾದ ನೀರೂ ಆಗುತ್ತದೆ. ಸೋಪು, ಸೋಡಾ, ಸುಣ್ಣ ಮೂರೂ ಕ್ಷಾರ. ಕ್ಷಾರ ತಾಗಿದರೆ ಅರಿಸಿನ ಕೆಂಪಾಗುತ್ತದೆ, ನಿಂಬೆರಸ ತಾಗಿದರೆ ಮತ್ತೆ ಹಳದಿಗೆ ತಿರುಗುತ್ತದೆ. ನನ್ನ ಮಗ ಒಂದು ಮನೆ ಬರೆದ, ನಿಂಬೆಹಣ್ಣಿನಿಂದ ಬಾಗಿಲು ಅಳಿಸಿದ, ಮತ್ತೆ ಸೋಪಿನಿಂದ ಬರೆದ. ನಿಂಬೆಯನ್ನು ಆ ಪುಟ್ಟ ಕೈಯಲ್ಲಿ ಹಿಂಡಿ ಹಿಂಡಿ, ಕೊನೆಗೆ ಸಿಪ್ಪೆಯನ್ನೇ ಹಾಳೆಗೆ ಉಜ್ಜುತ್ತಿದ್ದ. ಒಂದೂವರೆ ಗಂಟೆ ಅಲ್ಲಿಂದ ಏಳಲಿಲ್ಲ.

ಒಂದು ಮಾತು ಮರೆಯಬೇಡ. ಸುಣ್ಣವನ್ನು ಮಗುವಿನ ಕೈಗೆ ಕೊಡಲೇಬೇಡ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಓಕುಳಿ ತೋರಿಸಬೇಕು ಅಂದರೆ ನೀನೇ ಮಾಡಿ ತೋರಿಸು. ಮಗುವಿಗೆ ಸೋಪು ಸಾಕು.

ಬಣ್ಣದ ಮಾತು ಬಂತಲ್ಲ, ನಿಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ ಶಂಖಪುಷ್ಪದ ಬಳ್ಳಿ ಇದ್ದರೆ ನಾಲ್ಕು ಹೂ ಬಿಸಿನೀರಿಗೆ ಹಾಕು. ನೀರು ನೀಲಿಯಾಗುತ್ತದೆ, ನಿಂಬೆ ಹಿಂಡಿದರೆ ನೇರಳೆಗೆ ತಿರುಗುತ್ತದೆ. ಊರ ಕಡೆ ಬಂದಾಗ ಮುತ್ತುಗದ ಹೂ ಸಿಕ್ಕರೆ ಕುದಿಸಿ ನೋಡು, ಚೆನ್ನಾದ ಕೇಸರಿ ಹಳದಿ ಬರುತ್ತದೆ. ಹಿಂದೆ ಹೋಳಿ ಹಬ್ಬಕ್ಕೆ ಅದನ್ನೇ ಎರಚುತ್ತಿದ್ದರು. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಈ ಬಣ್ಣಗಳಲ್ಲಿ ಅದ್ದಿ ಒತ್ತಿದರೆ ಹೂವಿನ ಅಚ್ಚು ಬೀಳುತ್ತದೆ. ಸಾರಿಗೆ ಹೆಚ್ಚುವಾಗ ತುದಿ ತೆಗೆದಿಟ್ಟರೆ ಸಾಕು, ತರಕಾರಿಯೂ ದಂಡವಾಗಲ್ಲ.

ಈಗ ನಮ್ಮೂರಿನ ವಿಷಯ, ತೆಂಗು. ನಿನಗೆ ನಾನೇನು ಹೇಳೋದು, ಇದೇ ತೋಟದಲ್ಲಿ ಇಬ್ಬರೂ ಪೀಪಿ ಊದಿಕೊಂಡು ಓಡಿದ್ದೆವು. ಆದರೆ ಪುಟ್ಟಿಗೆ ಹೇಳಿಕೊಡಬೇಕು ಅಂದಾಗ ಕೈ ಮರೆತಿರುತ್ತೆ, ಅದಕ್ಕೆ ಬರೆಯುತ್ತೇನೆ. ಗರಿಯಿಂದ ಒಂದು ಓಲೆ ಕಿತ್ಕೋ, ಹಸಿರಾಗಿರಬೇಕು. ನಡುವಿನ ಕಡ್ಡಿ ಸೀಳಿ ತೆಗೆದು ಪಕ್ಕಕ್ಕಿಡು, ಬಿಸಾಡಬೇಡ. ಸಿಕ್ಕ ಪಟ್ಟಿಯನ್ನು ತುದಿಯಿಂದ ಸುತ್ತುತ್ತಾ ಹೋಗು. ಮೊದಲ ಸುತ್ತು ಪೆನ್ಸಿಲಿನಷ್ಟು ಸಣ್ಣಗಿರಲಿ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧದ ಮೇಲೆ ಕೂರಬೇಕು. ಹಾಗೇ ಅಗಲ ಮಾಡುತ್ತಾ ಹೋದರೆ ನಾಗಸ್ವರದ ಬಾಯಿಯ ಹಾಗೆ ಆಗುತ್ತದೆ. ಕೊನೆಗೆ ಕಡ್ಡಿಯ ಚೂರು ಚುಚ್ಚಿ ಬಿಗಿ ಮಾಡು. ಸಣ್ಣ ತುದಿಗೆ ಒಂದು ಪುಟ್ಟ ಸೀಳನ್ನು ಎರಡು ಮಡಿಕೆ ಮಾಡಿ ಸಿಕ್ಕಿಸಿ, ಬೆರಳಲ್ಲಿ ಚಪ್ಪಟೆ ಒತ್ತು. ತುಟಿ ಬಿಗಿ ಹಿಡಿದು ಊದಬೇಕು. ಮೊದಲು ಬರೀ ಗಾಳಿ ಬರುತ್ತದೆ. ಆ ಮಡಿಕೆಯನ್ನು ಸ್ವಲ್ಪ ಒಳಗೆ ಹೊರಗೆ ಸರಿಸಿದರೆ ಒಂದು ಕಡೆ ಸ್ವರ ಹಿಡಿಯುತ್ತದೆ. ಎಲ್ಲಿ ಹಿಡಿಯುತ್ತೆ ಅಂತ ಪುಟ್ಟಿಯೇ ಹುಡುಕಲಿ.

ಪೀಪಿ ಕಷ್ಟವಾದರೆ ಗಿರಗಿಟ್ಲೆ. ಗೇಣುದ್ದದ ಎರಡು ಓಲೆ ಚೂರನ್ನು ಅಡ್ಡ ಉದ್ದ ಇಟ್ಟು, ನಡುವೆ ಜಾಲಿಮುಳ್ಳು ಅಥವಾ ಗುಂಡುಪಿನ್ನು ಚುಚ್ಚಿ, ಒಂದು ಕೋಲಿನ ತುದಿಗೆ ಸಡಿಲವಾಗಿ ಸಿಕ್ಕಿಸು. ನಾಲ್ಕೂ ತುದಿಯನ್ನು ಒಂದೇ ದಿಕ್ಕಿಗೆ ಚೂರು ತಿರುಚು. ಹಿಡ್ಕೊಂಡು ಓಡಿದರೆ ತಿರುಗುತ್ತದೆ. ನಿಮ್ಮ ಕಾರಿಡಾರು ಉದ್ದ ಇದೆ, ಒಳ್ಳೇದೇ ಆಯಿತು.

ಆ ಪಕ್ಕಕ್ಕಿಟ್ಟ ಕಡ್ಡಿಯ ಚೂರುಗಳಲ್ಲೇ ಮಾವಿನೆಲೆ ತೋರಣ ಕಟ್ಟೋದು. ಈ ಯುಗಾದಿಗೆ ನಾನೊಂದು ತಪ್ಪು ಮಾಡಿದೆ ಕಣೋ. ಮಗ ಹದಿನೈದು ಎಲೆ ಮಡಚಿ ದಾರಕ್ಕೆ ಚುಚ್ಚಿದ. ಕೆಲವು ಉಲ್ಟಾ, ಕೆಲವು ಒಂದರ ಮೇಲೊಂದು. ನೆಂಟರು ಬರುತ್ತಾರೆ ಅಂತ ನಾನು ಅವನು ಸ್ನಾನಕ್ಕೆ ಹೋದಾಗ ಎಲ್ಲ ಬಿಚ್ಚಿ ಸಾಲಾಗಿ ಚುಚ್ಚಿ ಬಾಗಿಲಿಗೆ ಕಟ್ಟಿಬಿಟ್ಟೆ. ಅವನು ಬಂದು ನೋಡಿದ. ಅಳಲಿಲ್ಲ, ಜಗಳ ಮಾಡಲಿಲ್ಲ. "ಇದು ನಂದಲ್ಲ" ಅಂದು ಒಳಗೆ ಹೋದ. ಬೇವುಬೆಲ್ಲ ಕೊಟ್ಟರೂ ನನ್ನ ಮುಖ ನೋಡಲಿಲ್ಲ. ಆ ಮಾತು ಇನ್ನೂ ಚುಚ್ಚುತ್ತದೆ. ಅದಕ್ಕೇ ನಿನಗೆ ಒತ್ತಿ ಹೇಳುತ್ತಿದ್ದೇನೆ. ಪುಟ್ಟಿಯದು ಸೊಟ್ಟ ಇದ್ದರೆ ಸೊಟ್ಟವೇ ಇರಲಿ. ನೀನು ಪಕ್ಕದಲ್ಲಿ ಕೂತು ನಿನ್ನದೇ ಒಂದು ಮಾಡು. ಅವಳದಕ್ಕೆ ಕೈ ಹಾಕಬೇಡ.

ರಜೆ ಪೂರ್ತಿ ಕಾಯಿಸುವ ಕೆಲಸ ಒಂದಿದೆ, ಅರಳಿ ಎಲೆಯ ಜಾಲರಿ. ಅಶ್ವತ್ಥಕಟ್ಟೆ ನಿಮ್ಮ ಕಡೆಯೂ ಇರುತ್ತದೆ. ಚಿಗುರು ಬೇಡ, ಬಲಿತು ಉದುರಿದ, ತೂತಿಲ್ಲದ ಎಲೆ ಹತ್ತು ಆರಿಸಿ ತನ್ನಿ. ಹತ್ತು ಯಾಕೆ ಅಂದರೆ ಅರ್ಧ ಹರಿದುಹೋಗುತ್ತವೆ. ಹಳೇ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿ, ಮೇಲೊಂದು ಕಲ್ಲಿಟ್ಟು ಮುಚ್ಚಿ ಬಾಲ್ಕನಿಯಲ್ಲಿಡಿ. ಮೂರು ನಾಲ್ಕು ವಾರ ಬೇಕು. ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ನಾತ ತಡೆಯಲಾಗಲ್ಲ. ಎಲೆಯ ಮಾಂಸ ಕೊಳೆಯುತ್ತದೆ, ನರ ಉಳಿಯುತ್ತದೆ. ಆಮೇಲೆ ಎಲೆಯನ್ನು ತಟ್ಟೆಯ ಮೇಲೆ ಹರಡಿ, ಹಳೇ ಟೂತ್‌ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಮೆಲ್ಲಗೆ ತಟ್ಟಬೇಕು, ತಿಕ್ಕಬಾರದು. ಹಸಿರೆಲ್ಲ ಕೆಸರಿನ ಹಾಗೆ ಬಿಟ್ಟು ಹೋಗಿ, ಜೇಡನ ಬಲೆಯಂಥ ಜಾಲರಿ ಉಳಿಯುತ್ತದೆ. ನ್ಯೂಸ್‌ಪೇಪರ್ ನಡುವೆ ಒಣಗಿಸಿ. ಬೆಳಕಿಗೆ ಹಿಡಿದರೆ ಒಂದು ನರದಿಂದ ಇನ್ನೊಂದು, ಅದರಿಂದ ಮತ್ತೊಂದು, ಎಣಿಸಿ ಮುಗಿಯಲ್ಲ. ಹೋದ ವರ್ಷ ಮಾಡಿದ ಒಂದನ್ನು ನನ್ನ ಮಗ ಪಾಠದ ಪುಸ್ತಕದಲ್ಲಿಟ್ಟಿದ್ದಾನೆ, ಯಾರಿಗೂ ಕೊಡಲ್ಲ.

ಅಂಟಿಗೆ ದುಡ್ಡು ಹಾಕಬೇಡ. ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ತಿರುವು. ಎರಡು ದಿನ ಇರುತ್ತದೆ. ಹಿಂದೆ ಹುಳ ಹಿಡಿಯದಿರಲಿ ಅಂತ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಗೆ ಬೇಡ. ಹಾಗೆಯೇ ಕಣಗಿಲೆ ಹೂ, ಗುಲಗಂಜಿ ಬೀಜ ಎಷ್ಟು ಚೆಂದ ಇದ್ದರೂ ಚೀಲಕ್ಕೆ ಬೀಳದ ಹಾಗೆ ನೋಡ್ಕೋ, ಎರಡೂ ವಿಷ. ಮಾವಿನಕಾಯಿ ತೊಟ್ಟಿನ ಸೊನೆ ಕೆನ್ನೆಗೆ ತಾಗಿದರೆ ಸುಟ್ಟ ಹಾಗೆ ಗಾಯವಾಗುತ್ತದೆ, ಅದನ್ನೂ ಪುಟ್ಟಿಗೆ ಹೇಳಿಡು.

ಮಳೆ ಬಂದು ಹೊರಗೆ ಹೋಗಲಾಗದ ದಿನಕ್ಕೆ ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಟ್ಯೂಬು. ಇದನ್ನು ಕಲಿಸಿಕೊಟ್ಟವರು ಅರವಿಂದ ಗುಪ್ತ, ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್. ಬಿಸಾಡುವ ವಸ್ತುಗಳಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡೋದಕ್ಕೇ ಜೀವನ ಕೊಟ್ಟರು, 2018ರಲ್ಲಿ ಪದ್ಮಶ್ರೀ ಬಂತು. ಕಡ್ಡಿಯ ಮದ್ದು ಕೆರೆದು ತೆಗೆದು, ಟ್ಯೂಬಿನ ಚೂರಿಗೆ ಎರಡೂ ಕಡೆಯಿಂದ ತೂರಿಸಿದರೆ ಕೀಲಾಯಿತು. ಚೌಕ ಮಾಡಿದರೆ ಅಲ್ಲಾಡುತ್ತದೆ, ಮೂರು ಮೂಲೆ ಮಾಡಿದರೆ ಅಲ್ಲಾಡಲ್ಲ. ಎರಡನ್ನೂ ಪುಟ್ಟಿಯ ಕೈಯಲ್ಲೇ ಒತ್ತಿಸಿ ನೋಡು.

ಇನ್ನೊಂದು, ಬಿಸಿಲು ಜಾಸ್ತಿಯಾಗುತ್ತಿದೆ. ಕಾಯಿ ತುರಿದ ಮೇಲೆ ಕರಟಕ್ಕೆ ಅಂಚಿನಲ್ಲಿ ಮೂರು ತೂತು ನೀನು ಮಾಡಿಕೊಡು. ನಾರನ್ನು ಅಂಗೈಯಲ್ಲಿ ಹೊಸೆದು ಹುರಿ ಮಾಡುವುದು ಅವಳ ಕೆಲಸ. ಬಾಲ್ಕನಿಗೆ ಕಟ್ಟಿ ಹಕ್ಕಿಗೆ ನೀರಿಡಿ. ದಿನಾ ನೀರು ಚೆಲ್ಲಿ ಉಜ್ಜಿ ಹೊಸದು ತುಂಬಬೇಕು, ಸೊಳ್ಳೆ ಮೊಟ್ಟೆ ಇಡಬಾರದು.

ಗುಲ್‌ಮೊಹರ್, ಅದೇ ನಮ್ಮ ಕತ್ತಿಕಾಯಿ ಮರ, ಅದರ ಬಗ್ಗೆ ಬರೆಯೋದು ಬಿಟ್ಟೆ ಅಂದ್ಕೋಬೇಡ. ಇನ್ನೊಂದು ತಿಂಗಳಲ್ಲಿ ನಮ್ಮ ಸ್ಕೂಲಿನ ಕತ್ತಿಕಾಯಿ ಮರ ಪೂರ್ತಿ ಕೆಂಪಾಗುತ್ತದೆ. ಮೊಗ್ಗು ಬಿಡಿಸಿ ಉಗುರಿಗೆ ಅಂಟಿಸಿಕೊಳ್ಳೋದು, ಕೇಸರಕ್ಕೆ ಕೇಸರ ಸಿಕ್ಕಿಸಿ ಯಾರದರ ತಲೆ ಉದುರುತ್ತೆ ಅಂತ ಜಗ್ಗೋದು, ಅದನ್ನೆಲ್ಲ ಆ ಮರದಡಿಯಲ್ಲೇ ಹೇಳಿಕೊಡೋಣ. ಮೇ ತಿಂಗಳಲ್ಲಿ ಪುಟ್ಟಿಯನ್ನು ಒಂದು ವಾರ ಇಲ್ಲಿಗೆ ಕರ್ಕೊಂಡು ಬಾ.

ನಾಡಿದ್ದು ಭಾನುವಾರ ತಮ್ಮ ಬೆಂಗಳೂರಿಗೆ ಬರುತ್ತಾನೆ. ಅವನ ಕೈಲಿ ಒಂದು ಕಟ್ಟು ಓಲೆ ಕಳಿಸುತ್ತೇನೆ, ಒದ್ದೆ ಗೋಣಿಚೀಲದಲ್ಲಿ ಸುತ್ತಿರುತ್ತೆ. ಎರಡು ದಿನ ಬಿಟ್ಟರೆ ಒಣಗಿ ಸೀಳುತ್ತದೆ, ಅವತ್ತೇ ಸಂಜೆ ಇಬ್ಬರೂ ಕೂತ್ಕೊಳ್ಳಿ. ಸ್ವರ ಹಿಡಿದ ತಕ್ಷಣ ಎಷ್ಟು ಹೊತ್ತಾದರೂ ಫೋನ್ ಮಾಡು. ಪೀಪಿಯನ್ನು ಪುಟ್ಟಿಯೇ ಊದಬೇಕು. ಇಲ್ಲಿಂದ ನನ್ನ ಮಗ ಅವನದನ್ನು ಊದುತ್ತಾನಂತೆ.

ನಿನ್ನ
ತಿಪಟೂರಿನ ಗೆಳೆಯ