ತೂಗುದೀಪದ ಜೊತೆ ಛಾವಣಿಯ ಎತ್ತರವನ್ನೂ ಹೇಳಿ

ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಬರುವ ಗೊಂಚಲು ತೂಗುದೀಪಗಳ ಚಿತ್ರ ಕತ್ತರಿಸಿಟ್ಟುಕೊಂಡು ಜನ ನನ್ನನ್ನು ಹುಡುಕಿ ಬರುತ್ತಾರೆ. ಕೊಪ್ಪಳ, ಭಾಗ್ಯನಗರದ ಮನೆಗಳಿಗೆ ವೈರಿಂಗ್ ಮಾಡುವವನು ನಾನು. ಚಿತ್ರದ ಮನೆಯ ಛಾವಣಿ ಎರಡು ಅಂತಸ್ತಿನಷ್ಟು ಮೇಲಿರುತ್ತದೆ. ನಮ್ಮಲ್ಲಿ ಹತ್ತು ಅಡಿಗೇ ಸ್ಲ್ಯಾಬ್. ಓಡಾಡುವ ಜಾಗದಲ್ಲಿ ದೀಪದ ತಳ ನೆಲದಿಂದ ಏಳು ಅಡಿಯಾದರೂ ಮೇಲಿರಬೇಕು. ಸರಪಳಿಯೂ ಸೇರಿ ಉಳಿಯುವುದು ಮೂರೇ ಅಡಿ. ಅಳೆಯದೆ ತಂದ ದೀಪ ಹಬ್ಬಕ್ಕೆ ಬಂದ ಅಳಿಯನ ಹಣೆಗೆ ತಗಲುತ್ತದೆ.

ಎಲ್ಲರಿಗೂ ದೀಪ ಹಾಲ್‌ನ ನಟ್ಟನಡುವೆಯೇ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಆ ಜಾಗ ಫ್ಯಾನಿಗೆ ಸೇರಿದ್ದು. ಎರಡನ್ನೂ ಒತ್ತೊತ್ತಾಗಿ ತೂಗಿಸಿದರೆ ಹರಳುಗಳು ಹಗಲಿರುಳು ಕಿಣಿಕಿಣಿ ಎನ್ನುತ್ತವೆ, ರೆಕ್ಕೆಯ ನೆರಳು ಗೋಡೆಯ ಮೇಲೆ ಓಡುತ್ತದೆ. ಊಟದ ಮೇಜಿನ ಮೇಲೆ ಹಾಕಿಸಿ ಎನ್ನುತ್ತೇನೆ. ಅಲ್ಲಿ ತಲೆ ತಗಲುವ ಭಯವಿಲ್ಲ. ಮೇಜಿನಿಂದ ಎರಡೂವರೆ, ಮೂರು ಅಡಿ ಎತ್ತರದವರೆಗೂ ಇಳಿಬಿಡಬಹುದು. ಮಹಡಿ ಮೆಟ್ಟಿಲುಗಳ ನಡುವಿನ ತೆರೆದ ಜಾಗದಲ್ಲಿ ಇನ್ನೂ ಚೆಂದ, ಆದರೆ ಒರೆಸಲು ಏಣಿ ಎಲ್ಲಿ ನಿಲ್ಲಿಸುತ್ತೀರಿ? ನಮ್ಮ ಗಾಳಿಯಲ್ಲಿ ಮಣ್ಣಿನ ಜೊತೆ ಕಾರ್ಖಾನೆಗಳ ಕಪ್ಪು ಧೂಳೂ ಇದೆ. ನೂರಾರು ಹರಳಿನ ದೀಪ ಬೇಗನೆ ಮಂಕಾಗುತ್ತದೆ. ನಾಲ್ಕಾರು ನುಣುಪು ಗಾಜಿನ ಬುರುಡೆಗಳದ್ದೇ ಸಾಕು. ಅದನ್ನಾದರೂ ಮೇನ್ ಆಫ್ ಮಾಡಿಯೇ ಒರೆಸಿ.

ಗಾತ್ರಕ್ಕೆ ಒಂದು ರೂಢಿಯ ಲೆಕ್ಕವಿದೆ. ಕೋಣೆಯ ಉದ್ದ, ಅಗಲವನ್ನು ಅಡಿಯಲ್ಲಿ ಕೂಡಿಸಿ. ಬಂದ ಅಂಕಿಯಷ್ಟು ಇಂಚು ದೀಪದ ಅಗಲ. 15ಕ್ಕೆ 12 ಅಡಿಯ ಹಾಲಿಗೆ 27 ಇಂಚು. ಬಲ್ಬು 2700ರಿಂದ 3000 ಕೆಲ್ವಿನ್‌ನದ್ದಿರಲಿ, ಮನೆಗೆ ಒಪ್ಪುವ ಹಳದಿ ಬೆಳಕು ಅದು. ಬಿಳಿ ಬಲ್ಬು ಹಾಕಿದರೆ ಔಷಧ ಅಂಗಡಿ. ಬೆಳಕು ತಗ್ಗಿಸಲು ಫ್ಯಾನ್ ರೆಗ್ಯುಲೇಟರ್ ಜೋಡಿಸಿ ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಡಿಮ್ಮರ್‌ಗೆ ಹೊಂದುವ ಎಲ್‌ಇಡಿ ಬೇರೆಯೇ ಇದೆ. ಅದು ದುಬಾರಿ ಎನಿಸಿದರೆ ಅರ್ಧ ಬಲ್ಬುಗಳಿಗೆ ಒಂದು ಸ್ವಿಚ್, ಉಳಿದರ್ಧಕ್ಕೆ ಇನ್ನೊಂದು.

ನನ್ನ ದೊಡ್ಡ ತಕರಾರು ಭಾರದ್ದು. ಗೃಹಪ್ರವೇಶದ ಹಿಂದಿನ ದಿನ ದೀಪ ತಂದು, ಸ್ಲ್ಯಾಬಿನ ಕೆಳಗಿನ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್‌ಗೆ ತಗುಲಿಸಿ ಎನ್ನುತ್ತಾರೆ. ಪಿಒಪಿ ತನ್ನ ಭಾರವನ್ನಷ್ಟೇ ಹೊರುತ್ತದೆ. ಕೊಕ್ಕೆಯನ್ನು ಸ್ಲ್ಯಾಬ್ ಹಾಕುವ ಮೊದಲೇ ಕಬ್ಬಿಣದ ಸರಳಿಗೆ ಕಟ್ಟಿರಬೇಕು, ವೈರಿನ ಪೈಪೂ ಆಗಲೇ ಅಲ್ಲಿಗೆ ಬಂದಿರಬೇಕು. ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ನಡೆಯುವಾಗ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಇದು. ಆಮೇಲಾದರೆ ಡ್ರಿಲ್, ಆಂಕರ್ ಬೋಲ್ಟ್, ಒಡೆದ ಸೀಲಿಂಗ್, ಯಜಮಾನರ ಮುನಿಸು.

ಮುಂದೆ ಇಂಥ ಚಿತ್ರ ಹಾಕುವಾಗ ಆ ಮನೆಯ ಛಾವಣಿ ಎಷ್ಟು ಅಡಿ, ದೀಪ ಎಷ್ಟು ಕಿಲೋ ಎಂಬುದನ್ನೂ ದಯವಿಟ್ಟು ಅದರ ಕೆಳಗೇ ಅಚ್ಚು ಹಾಕಿ.

– ಒಬ್ಬ ವೈರಿಂಗ್ ಕೆಲಸಗಾರ, ಭಾಗ್ಯನಗರ, ಕೊಪ್ಪಳ